ಮೇಷ್ಟ್ರ ಕರಿ ಕಂಬಳಿ

ಮೇಷ್ಟ್ರ ಎಡಗೈಯ ಎರಡು ಬೆರಳಿಗೆ ಉಗುರಿರಲಿಲ್ಲ. ತುದಿ ಸುಟ್ಟು, ಚರ್ಮ ಮೇಣದಂತೆ ನುಣ್ಣಗಾಗಿತ್ತು. ಆ ಬೆರಳಿನಿಂದಲೇ ನಮ್ಮ ತಲೆಗೆ ಮೊಟಕುತ್ತಿದ್ದರು. ಹಿರಿಯೂರಿನಲ್ಲಿ ಸೋಲಾರ್ ರಿಪೇರಿ ಕಲಿಯಲು ಸೇರಿದ್ದ ನಾವು ಹನ್ನೆರಡು ಹೆಂಗಸರು, ಹೆಚ್ಚಿನವರು ಮಕ್ಕಳ ತಾಯಂದಿರು. ಅವರಿಗೆ ಅದೆಲ್ಲ ಲೆಕ್ಕಕ್ಕೇ ಇಲ್ಲ. ಬೆಸುಗೆ ಒರಟಾದರೆ ಕಿತ್ತೆಸೆದು, ರೊಟ್ಟಿ ತಟ್ಟುವ ಕೈಗೆ ಇದ್ಯಾಕೆ ಬೇಕಿತ್ತು ಎಂದು ಎಲ್ಲರೆದುರು ಹಂಗಿಸುತ್ತಿದ್ದರು. ಅವರನ್ನು ಕಂಡರೆ ನನಗೆ ಮೈ ಉರಿಯುತ್ತಿತ್ತು.

ಅವರ ಬೈಕಿನ ಹಿಂದೆ ಸದಾ ಕರಿ ಕಂಬಳಿಗಳ ಕಟ್ಟು. ಪ್ಯಾನೆಲ್ಲುಗಳಿಗೆ ಅವನ್ನು ಹೊದಿಸದೆ ವೈರು ಮುಟ್ಟುವಂತಿಲ್ಲ. ಮನೆಯ ಕರೆಂಟಾದರೆ ಮೇನ್ ಸ್ವಿಚ್ ಆರಿಸಿದರೆ ಸಾಕು. ಪ್ಯಾನೆಲ್ಲು ಬಿಸಿಲಿರುವ ತನಕ ಕರೆಂಟು ಹೆರುತ್ತಲೇ ಇರುತ್ತದೆ. "ಸೂರ್ಯಂಗೆ ಎಲ್ಲೈತಮ್ಮ ಸ್ವಿಚ್ಚು?" ಎಂದು ದಿನಕ್ಕೆ ಹತ್ತು ಸಲ ಕೇಳುತ್ತಿದ್ದರು.

ಒಂದು ಮಧ್ಯಾಹ್ನ ಆದಿವಾಲದ ತೋಟವೊಂದಕ್ಕೆ, ಪಂಪಿನ ಪ್ಯಾನೆಲ್ ರಿಪೇರಿಗೆ ಕರೆದೊಯ್ದರು. ನಮ್ಮಲ್ಲಿ ಶಾಂತಕ್ಕ ಎಲ್ಲರಿಗಿಂತ ಚುರುಕು. ರವಿಕೆ ಹೊಲಿದು ಮನೆ ನಡೆಸುವವಳು. ಮೋಟಾರಿನ ಸ್ವಿಚ್ ಆರಿಸಿದ್ದೇ ಸಾಕೆಂದುಕೊಂಡು, ಪ್ಯಾನೆಲ್ಲಿನ ಎರಡೂ ವೈರನ್ನು ಒಟ್ಟಿಗೆ ಕತ್ತರಿಸಲು ಪ್ಲೈಯರ್ ಹಿಡಿದಳು. ಮೇಷ್ಟ್ರು ಮೂರು ಹೆಜ್ಜೆ ಆಚೆ ನಿಂತಿದ್ದರು, ಕಂಬಳಿ ಕಂಕುಳಲ್ಲಿತ್ತು. ನೋಡುತ್ತಲೇ ಇದ್ದರು, ಬಾಯಿ ಬಿಡಲಿಲ್ಲ. ಛಟ್ ಎಂದು ನೀಲಿ ಬೆಂಕಿ ಎದ್ದು ಶಾಂತಕ್ಕನ ಬೆರಳುಗಳನ್ನು ಸುಟ್ಟಿತು.

ಗಾಯವೇನೋ ಮಾಯಿತು. ಆದರೆ ಆ ಬೆರಳುಗಳಿಗೆ ಸೂಜಿ ಹಿಡಿದದ್ದೇ ತಿಳಿಯುತ್ತಿರಲಿಲ್ಲ. ಶಾಂತಕ್ಕ ತರಗತಿಗೂ ಬರಲಿಲ್ಲ, ಹೊಲಿಗೆ ಮಷೀನಿಗೂ ಕೂರಲಿಲ್ಲ.

ನಾನು ಜಗಳಕ್ಕೆ ಹೋದೆ. ಕಂಡೂ ಯಾಕೆ ತಡೆಯಲಿಲ್ಲ ಎಂದೆ. ಅವರು ಕಂಬಳಿ ಮಡಿಸುತ್ತಾ ಹೇಳಿದರು: "ಬಾಯಲ್ಲಿ ಹೇಳಿದ್ದು ಯಾರಿಗೆ ನೆನಪಿರ್ತೈತಮ್ಮ? ಒಬ್ಬಳ ಬೆರಳು ಸುಡ್ತು, ಹನ್ನೊಂದು ಜನದ್ದು ಉಳೀತು. ನಂಗೂ ಹಿಂಗೇ ಕಲಿಸಿದ್ರು."

ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ, ಅಳು ಬರಲಿಲ್ಲ. ನಮ್ಮ ಹನ್ನೊಂದು ಜನರ ಕೈ ಇವತ್ತಿಗೂ ನೆಟ್ಟಗಿದೆ. ಅದಕ್ಕೇ ಅವರನ್ನು ಕ್ಷಮಿಸಲು ನನ್ನಿಂದ ಆಗಿಲ್ಲ.

ಈಗ ಹೊಸದುರ್ಗದಲ್ಲಿ ನಾನೇ ಕಲಿಸುತ್ತೇನೆ. ಮೊನ್ನೆ ಹುಡುಗಿಯೊಬ್ಬಳು ಕಂಬಳಿ ಮರೆತು ವೈರಿಗೆ ಪ್ಲೈಯರ್ ಒಡ್ಡಿದಳು. ಸುಡಲಿ, ಮಿಕ್ಕವರು ಕಲಿಯುತ್ತಾರೆ ಎಂದುಕೊಂಡು ಒಂದು ಗಳಿಗೆ ನಿಂತೇ ಇದ್ದೆ. ಆಮೇಲೆ ಓಡಿ ಅವಳ ರಟ್ಟೆ ಹಿಡಿದೆಳೆದೆ.

"ನೀವು ನೋಡಿದ್ದಕ್ಕೆ ಬಚಾವಾದೆ ಅಕ್ಕ," ಎಂದು ಕೈ ಮುಗಿದಳು.

ಎಷ್ಟು ಹೊತ್ತಿನಿಂದ ನೋಡುತ್ತಿದ್ದೆ ಎಂದು ನಾನು ಹೇಳಲಿಲ್ಲ.