ಕಾರವಾರ ಯಾವ ಕೈಗೆ?

ಹುಬ್ಬಳ್ಳಿಯಿಂದ ನಮ್ಮೂರು ಅಂಕೋಲೆಗೆ ಬಸ್ಸಿನಲ್ಲಿ ಮೂರು ತಾಸಿಗೂ ಮಿಕ್ಕಿ ಬೇಕು. ನಮ್ಮ ಎರಡು ಸೀಟಿನ ತರಬೇತಿ ವಿಮಾನಕ್ಕೆ ಮುಕ್ಕಾಲು ತಾಸು ಸಾಕು. ಆ ಬೆಳಿಗ್ಗೆ ನನಗೆ ಅದೇ ದಾರಿಯಲ್ಲಿ ಪರೀಕ್ಷೆ. ವಿಮಾನಗಳಿಗೆ ದಾರಿ ತೋರುವ ಹುಬ್ಬಳ್ಳಿಯ ರೇಡಿಯೋ ಕೇಂದ್ರದ ಸಂಕೇತವನ್ನೇ ನಂಬಿ, ಗಂಗಾವಳಿ ನದಿ ಕಡಲು ಸೇರುವ ಮಂಜಗುಣಿಯವರೆಗೆ ಹೋಗಿ ತಿರುಗಿ ಬರಬೇಕಿತ್ತು. ಗೆದ್ದರೆ ಮುಂದಿನ ವಾರ ಒಬ್ಬಳೇ ಹಾರಬಹುದು. ಕಾರವಾರದ ಕಡೆ ಸರಿದರೆ ನೌಕಾಪಡೆಯ ನಿಷೇಧಿತ ಆಕಾಶ. ಅಲ್ಲಿ ನುಗ್ಗಿದರೆ ನನ್ನ ಹಾರಾಟವೇ ಬಂದ್.

ಪಕ್ಕದಲ್ಲಿ ನಮ್ಮ ಶಿಕ್ಷಕರು, ಧಾರವಾಡದ ದೇಸಾಯಿ ಸರ್, ಕೈಕಟ್ಟಿ ಕುಳಿತಿದ್ದರು. ಆ ಸಂಕೇತ ಹಿಡಿಯುವ ಎದುರಿನ ಉಪಕರಣದ ಸೂಜಿ ನಡುವೆ ನಿಂತಿದ್ದರೆ ನಾವು ದಾರಿಯಲ್ಲಿದ್ದೇವೆ. ಎಡಕ್ಕೆ ಸರಿದರೆ ದಾರಿ ಎಡಕ್ಕಿದೆ. ಇಷ್ಟೇ ಪಾಠ. ಯಲ್ಲಾಪುರ ದಾಟುವವರೆಗೆ ಸೂಜಿ ಅಲುಗಲಿಲ್ಲ. ರಾಮನಗುಳಿಯ ಆಸುಪಾಸಿನಲ್ಲಿ ಮಬ್ಬು ಕವಿದು ಕೆಳಗಿನ ಹೆದ್ದಾರಿ ಮಾಸಿತು. ಆಮೇಲೆ ಎದುರಿಗೆ ಕಂಡದ್ದು ಅಲೆಗಳ ಬಿಳಿ ಗೆರೆ ಮಾತ್ರ.

ಕಾರವಾರ ಹತ್ತಿರ ಬಂತೇನೋ ಎನಿಸಿತು. ನಾನು ಸಣ್ಣಂದಿನಿಂದ ಅಪ್ಪನ ದೋಣಿಯಲ್ಲಿ ಮೀನಿಗೆ ಹೋಗಿ ಬಂದವಳು. ದಡ ಕಂಡ ಕೂಡಲೇ ಅಪ್ಪ, "ಕಾರವಾರ ಎಡಗೈಗೆ, ಗೋಕರ್ಣ ಬಲಗೈಗೆ" ಎನ್ನುತ್ತಿದ್ದ. ಮೀನುಗಾರರ ಮಗಳಿಗೆ ಸೂಜಿ ಬಂದು ನಮ್ಮ ದಡ ತೋರಿಸಬೇಕೇ? ಎಡಗೈಯ ಕಾರವಾರದಿಂದ ದೂರ ಸರಿಯಲು ಬಲಕ್ಕೆ ತಿರುಗಿಸಿದೆ. ಸೂಜಿ ಎಡಕ್ಕೆ ಜಾರಿತು.

"ಸೂಜಿ ಏನ್ ಹೇಳಾಕತ್ತೈತಿ?" ಸರ್ ಕೇಳಿದರು.

"ಕೆಟ್ಟಿದೆ ಸರ್."

"ಕೇಂದ್ರದ ಗುರುತಿನ ಸದ್ದು ಕೇಳಸ್ತೈತೇನು?"

ಹೆಡ್‌ಫೋನಿನಲ್ಲಿ ಹುಬ್ಬಳ್ಳಿಯ ಟಿಕ್-ಟೀ ಸದ್ದು ಸ್ಪಷ್ಟವಾಗಿತ್ತು. "ಹಂಗಾದ್ರ ಅದು ಕೆಟ್ಟಿಲ್ಲ" ಎಂದ ಸರ್, ಕಟ್ಟಿದ ಕೈ ಬಿಚ್ಚಿ ವಿಮಾನ ತಿರುಗಿಸುವ ತಮ್ಮ ಬದಿಯ ಹಿಡಿಕೆಯತ್ತ ಚಾಚಿದರು. ಅವರು ಅದನ್ನು ಹಿಡಿದರೆ ನನ್ನ ಒಂಟಿ ಹಾರಾಟದ ಕತೆ ಮುಗಿದಂತೆ. ಅಪ್ಪನ ಮಾತು ಬಿಡಲು ಮನಸ್ಸಿರಲಿಲ್ಲ. ಆದರೂ ಎಡಕ್ಕೆ ತಿರುಗಿಸಿದೆ.

ಸೂಜಿ ನಿಧಾನವಾಗಿ ನಡುವೆ ಬಂದು ನಿಂತಿತು. ಮಬ್ಬು ಹರಿದಾಗ ಕೆಳಗೆ ಗಂಗಾವಳಿಯ ಅಗಲ ಬಾಯಿ, ಅದರ ದಂಡೆಗೆ ಮಂಜಗುಣಿ. ಕಾರವಾರದ ಗುಡ್ಡಗಳು ದೂರದಲ್ಲಿ, ನನ್ನ ಬಲಗೈಗಿದ್ದವು.

ಹುಬ್ಬಳ್ಳಿಯಲ್ಲಿ ಇಳಿದ ಮೇಲೆ ಸರ್, "ಇನ್ನೊಮ್ಮೆ ನನ್ನ ಜೋಡಿ ಹೋಗೂಣು. ಒಬ್ಬಾಕಿನ ಹೋಗೂದು ಆಮ್ಯಾಲೆ" ಎಂದರು. ಅಪ್ಪನಿಗೆ ಫೋನು ಮಾಡಿ, ನಡೆದದ್ದೆಲ್ಲ ಹೇಳಿ, ಜಗಳಕ್ಕೇ ನಿಂತೆ: "ಕಾರವಾರ ಎಡಗೈಗೆ ಅಂತ ನೀನೇ ಅಲ್ದಾ ಹೇಳಿದ್ದು?"

ಅಪ್ಪ ಹೇಳಿದ:

"ದಡಕ್ಕೆ ಬರೂವಾಗ ಎಡಗೈಗೇ ಮಗಾ. ಕಡಲಿಗೆ ಹೋಗೂವಾಗ ಬಲಗೈಗೆ. ಆಗ ನೀ ಬಲೆ ಮೇಲೆ ಮಲಗಿರ್ತಿದ್ದೆ."