ಕಮಲಾಪುರಕ್ಕೆ ಕೊಟ್ಟ ಸಿಡಿ

“ಅಕ್ಕೋರೆ, ಈ ಫೋಲ್ಡರ್ ವರ್ಷದಿಂದ ಯಾರೂ ತೆಗ್ದಿಲ್ಲ. ಅಳಿಸಲೇನ್ರಿ?”

ಗುಲ್ಬರ್ಗದ ಮೋಮಿನಪುರದ ಕಂಪ್ಯೂಟರ್ ಅಂಗಡಿಯವರು ಹಾಗೆ ಕೇಳಿದಾಗ ನಾನು ಬೇಡವೆಂದು ಕೈಯಾಡಿಸಿದೆ. ಡಿಸ್ಕ್ ತುಂಬಿ ನಮ್ಮ ಮನೆಯ ಕಂಪ್ಯೂಟರ್ ನಿಂತುಹೋಗಿತ್ತು. ಆ ಫೋಲ್ಡರಿನಲ್ಲಿ ತೀರಿಹೋದ ನನ್ನ ಯಜಮಾನರ ಫೋಟೊಗಳೂ ದನಿಯೂ ಇದ್ದವು. ತೆರೆಯಲು ನನಗೆ ಧೈರ್ಯವಿರಲಿಲ್ಲ.

“ಹಂಗಾದ್ರ ಎರಡು ಸಿಡಿ ಮಾಡ್ತೀನ್ರಿ. ಎರಡೂ ಒಂದೇ ಮನ್ಯಾಗ ಇಡಬ್ಯಾಡ್ರಿ. ಒಂದು ಕೆಟ್ರ ಇನ್ನೊಂದು ಇರ್ತದ.”

ಒಂದನ್ನು ಕಮಲಾಪುರದಲ್ಲಿರುವ ಅತ್ತೆಗೆ ಕೊಟ್ಟೆ. ಅವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ದೇವರ ಜಗಲಿಯ ಮೇಲೆ ಇಡಲೇ ಎಂದು ಕೇಳಿದೆ.

“ಬ್ಯಾಡವ್ವ, ಅಲ್ಲಿ ಹಿರ್ಯಾರು ಇರ್ತಾರ. ಇಂವಾ ಇನ್ನಾ ಸಣ್ಣಾಂವ” ಎಂದು ಅತ್ತೆ ಅದನ್ನು ಮಗನ ಅಂಗಿಗಳ ನಡುವೆ ಇಟ್ಟರು.

ನನ್ನ ಪಾಲಿನ ಸಿಡಿಯನ್ನು ನಾನಿನ್ನೂ ಹಾಕಿ ನೋಡಿಲ್ಲ. ಅವರನ್ನು ತೀರಿಹೋದ ಹಿರಿಯರ ಸಾಲಿಗೆ ಸೇರಿಸಲು ಅವಸರವಿಲ್ಲ ಎನ್ನುವುದನ್ನು ಅವತ್ತು ಅತ್ತೆಯಿಂದ ಕಲಿತೆ.