ಅಲೆಯಿಲ್ಲದ ಜಾಗ

ಕಡಲಿಂದ ದೂರದ ತಮಿಳು ಸೀಮೆಯ ಅನ್ನೂರಿನ ಕಡೆಯ ನಮಗೆ ನೀರೆಂದರೆ ಬಾವಿ. ಈಜು ಬಾರದ ನಾನೂ ಬಾವಿ ನೀರಿನ ಮೇಲೆ ತೀರ್ಪು ಕೊಡುತ್ತಿದ್ದೆ. ಮೋಟಾರು ಓಡಿ ನೀರು ಕದಡಿದ್ದರೆ ಇಳಿಯಬಾರದು, ಅಲುಗದೆ ನಿಂತಿದ್ದರೆ ಇಳಿಯಬಹುದು. ಅಷ್ಟೇ ನಮ್ಮ ಶಾಸ್ತ್ರ. ನನ್ನ ತಮ್ಮ ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಈಜು ಕಲಿತವನು. ಇಪ್ಪತ್ತು ತುಂಬುವ ಹೊತ್ತಿಗೆ ಮೋಟಾರು ಕೋಣೆಯ ಮೇಲಿಂದ ಧುಮುಕುತ್ತಿದ್ದ. ಹತ್ತು ಸಲ ಕೈ ಬೀಸಿದರೆ ಎದುರಿನ ಮೆಟ್ಟಿಲು ಸಿಕ್ಕಿಬಿಡುತ್ತಿತ್ತು.

ಎಂಬತ್ತರ ದಶಕದ ಒಂದು ಆಡಿ ಅಮಾವಾಸ್ಯೆಗೆ ಅಪ್ಪನ ಹೆಸರಲ್ಲಿ ಎಳ್ಳುನೀರು ಬಿಡಲು ಅವ್ವ, ತಮ್ಮ, ನಾನು ಗಾಂಧಿಪುರಂ ನಿಲ್ದಾಣದಲ್ಲಿ ಬಸ್ಸು ಹತ್ತಿ ಕಡಲ ದಡಕ್ಕೆ ಹೋದೆವು. ಮೂವರೂ ಕಡಲು ಕಂಡದ್ದು ಅದೇ ಮೊದಲು. ಎಳ್ಳುನೀರು ಬಿಟ್ಟಾದ ಮೇಲೆ, ಮುಳುಗು ಹಾಕಿ ಬರುತ್ತೇನೆಂದು ತಮ್ಮ ಹೊರಟ. ಜನರೆಲ್ಲ ಅಲೆ ಒಡೆಯುವ ಕಡೆ ಕೂಗಾಡುತ್ತ ಮೀಯುತ್ತಿದ್ದರು. ಅಬ್ಬಾ, ಆ ಅಲೆ ನೋಡಿಯೇ ನಾನು ನಾಲ್ಕು ಹೆಜ್ಜೆ ಹಿಂದೆ ಸರಿದೆ. ಸ್ವಲ್ಪ ದೂರದಲ್ಲಿ, ಎರಡೂ ಬದಿಯ ನೊರೆಯ ನಡುವೆ, ಒಂದು ಪಟ್ಟಿಯಷ್ಟು ನೀರು ಸುಮ್ಮನಿತ್ತು. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಯಾಕಿಲ್ಲ ಎಂದು ಕೇಳುವ ಬುದ್ಧಿ ನನಗೆ ಬರಬೇಡವೇ?

"ಅಲ್ಲೋಗು ತಂಬಿ, ಅಲ್ಲಿ ಅಲೆನೇ ಇಲ್ಲ," ಎಂದೆ.

"ನಿಂಗ್ ಬಯ ಜಾಸ್ತಿ ಅಕ್ಕಾ," ಎಂದು ನಕ್ಕು ಅಲ್ಲೇ ಇಳಿದ. ಅವ್ವ ಆಚೆ ಒದ್ದೆ ಸೀರೆ ಹಿಂಡುತ್ತಿದ್ದಳು. ನಮ್ಮ ಮಾತು ಅವಳಿಗೆ ಕೇಳಿಸಲಿಲ್ಲ.

ಸೊಂಟದ ನೀರಲ್ಲಿದ್ದವನು ನೋಡನೋಡುತ್ತ ಕುತ್ತಿಗೆಯ ನೀರಿಗೆ ಹೋದ. ತಾನಾಗಿಯೇ ಈಜುತ್ತಿದ್ದಾನೆ ಅಂದುಕೊಂಡೆ. ಬಲೆ ಹೊಲಿಯುತ್ತ ಕೂತಿದ್ದ ಮೀನುಗಾರ ಮುದುಕ ಎದ್ದು, "ಅಂಗೆ ಇಳುಕ್ಕುಂ! ಎರಂಗಾದೀಂಗ!" ಎಂದು ಕೂಗಿದ. ಅಲ್ಲಿ ನೀರು ಎಳೆಯುತ್ತದೆ, ಇಳಿಯಬೇಡಿ ಎಂದು. ದಡಕ್ಕೆ ಬಂದ ನೀರು ಕಡಲಿಗೆ ಮರಳುವ ದಾರಿ ಅದು, ಅದಕ್ಕೇ ಅಲ್ಲಿ ಅಲೆ ಒಡೆಯುವುದಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ. ತಮ್ಮ ಆಗಲೇ ದಡದತ್ತ ತಿರುಗಿದ್ದ. ಬಾವಿಯ ಮೆಟ್ಟಿಲಿಗೆ ಬರುವ ಹಾಗೆ ನೇರ ನನ್ನ ಕಡೆಗೇ ಕೈ ಬೀಸುತ್ತಿದ್ದ. ಎಷ್ಟು ಬೀಸಿದರೂ ಅವನ ತಲೆ ಚಿಕ್ಕದಾಗುತ್ತಲೇ ಹೋಯಿತು. ಪಕ್ಕಕ್ಕೆ ಈಜು, ಪಕ್ಕಕ್ಕೆ ಈಜು ಎಂದು ಮುದುಕ ಅರಚಿದ್ದು ಅವನ ಕಿವಿಗೆ ಬೀಳಲಿಲ್ಲ. ಸತ್ತೇಹೋದ, ನಾನೇ ಕೊಂದೆ ಅಂದುಕೊಂಡೆ.

ಕಟ್ಟುಮರದ ತೆಪ್ಪ ನೀರಿಗೆ ತಳ್ಳಿಕೊಂಡು ಹೋದ ಇಬ್ಬರು ಮೀನುಗಾರರು ಅವನ ಕೂದಲು ಹಿಡಿದು ಎತ್ತಿ ತಂದರು. ಮರಳಿನ ಮೇಲೆ ಉಪ್ಪುನೀರು ಕಾರಿದ. ಉಸಿರಿತ್ತು. ಅವ್ವ ಅಳುತ್ತಲೇ ಅವನ ಬೆನ್ನಿಗೆ ಬಡಿದಳು.

"ಅಲ್ಲಿ ಇಳಿ ಅಂತ ಯಾರ್ ಹೇಳಿದ್ದು? ಹೇಳೋ, ಯಾರ್ ಹೇಳಿದ್ದು?"

ತಮ್ಮ ಒಮ್ಮೆ ನನ್ನ ಮುಖ ನೋಡಿದ. "ಯಾರೂ ಇಲ್ಲವ್ವಾ. ನಾನೇ ನೋಡಿ ಇಳಿದೆ."

ಅವ್ವ ಅವನಿಗೆ ಇನ್ನೆರಡು ಏಟು ಹಾಕಿದಳು. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ.